ನಾಲ್ಕು ಚೌಕಟ್ ಎಂದವನು

ಆತ ತೀರಿಕೊಂಡ ದಿನ ರೋಣದ ಜನರೆಲ್ಲ ಒಂದೇ ಮಾತು ಹೇಳಿದರು: ಭಾಳ ಸಂಭಾವಿತ ಮನುಷ್ಯ. ಸತ್ತ ಮೇಲೆ ಎಲ್ಲರೂ ಸಂಭಾವಿತರೇ. ಹಾಗೆ ಹೇಳಿದವರಲ್ಲಿ ಒಬ್ಬರಾದರೂ ಆತನನ್ನು ಪರೀಕ್ಷೆ ಮಾಡಿ ನೋಡಿದವರಲ್ಲ. ನಾನು ನೋಡಿದ್ದೇನೆ. ಹೆಸರು ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ರೋಣದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ರೊಟ್ಟಿ ಖಾನಾವಳಿ ಇತ್ತು. ನಾನು ಶಾಲೆಗೆ ಹೋದದ್ದು ಎರಡೇ ವರ್ಷ. ಬಸ್ಸಿನ ಫಲಕ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಇಸ್ಪೀಟಿನ ಎಲೆ ಓದುವುದಕ್ಕೆ ಶಾಲೆ ಬೇಕಾಗಿಲ್ಲ. ನನ್ನ ಗಂಡ ಬದುಕಿದ್ದಷ್ಟು ದಿನ ಎಲೆಯಲ್ಲೇ ಮುಳುಗಿದ್ದ. ಅವನು ಮೋಸ ಮಾಡುವುದನ್ನು ಹಿಂದೆ ನಿಂತು ನೋಡಿ ನೋಡಿ ನನಗೆ ಆಟ ಬಂತು. ಯಾವ ಬೆರಳು ಯಾವ ಎಲೆಯನ್ನು ಅಡಗಿಸುತ್ತದೆ ಎಂಬುದೇ ನಾನು ಮೊದಲು ಕಲಿತ ಅಕ್ಷರ.

ಈ ಸಂಭಾವಿತ ಮನುಷ್ಯ ನನ್ನಲ್ಲಿ ಊಟಕ್ಕೆ ಬರತೊಡಗಿದ್ದು ನೌಕರಿ ಮುಗಿದ ಮೇಲೆ. ಕಾಲುವೆಗಳ ನಕ್ಷೆ ಎಳೆಯುವ ಟ್ರೇಸರ್ ಆಗಿದ್ದವನು. ರೊಟ್ಟಿಯನ್ನು ಎಲ್ಲರಂತೆ ಹರಿಯುತ್ತಿರಲಿಲ್ಲ. ನಡುವೆ ಮಡಿಚಿ, ಮತ್ತೆ ಮಡಿಚಿ, ಸರಿಯಾಗಿ ನಾಲ್ಕು ಪಾಲು ಮಾಡಿ ಉಣ್ಣುತ್ತಿದ್ದ. ಪುಂಡಿಪಲ್ಯ ಒಂದು ಕಡೆ, ಝುಣಕ ಒಂದು ಕಡೆ, ಒಂದಕ್ಕೊಂದು ತಾಗುವಂತಿಲ್ಲ. ಮೊದಲ ದಿನವೇ ನನಗೆ ಸಂಶಯ ಬಂತು. ಇಷ್ಟು ಅಚ್ಚುಕಟ್ಟಾಗಿರುವವನು ಏನೋ ಮುಚ್ಚಿಡುತ್ತಿರಬೇಕು.

ಮಧ್ಯಾಹ್ನದ ಗಿರಾಕಿ ಮುಗಿದ ಮೇಲೆ ನಾನು, ಸೀರಿ ಸಾಬ, ಅಬ್ಬಿಗೇರಿ ಮಾಸ್ತರ ಮೂರು ಜನ ಎಲೆ ಹಾಕುತ್ತಿದ್ದೆವು. ಸಾಬ ಗಜೇಂದ್ರಗಡದ ಮಗ್ಗದ ಸೀರೆ ತಂದು ರೋಣದಲ್ಲಿ ಮಾರುವವನು. ಮಾಸ್ತರ ನಿವೃತ್ತನಾಗಿ ಅಬ್ಬಿಗೇರಿಯಿಂದ ದಿನಾ ಬಸ್ಸಿಗೆ ಬರುವವನು. ಮನೆಯಲ್ಲಿ ಹೆಂಡತಿ ಬೈಯುತ್ತಾಳೆಂದು. ಆ ಟ್ರೇಸರ್ ಒಂದು ದಿನ ಊಟ ಮುಗಿಸಿ ಕೈ ತೊಳೆದು ಬಂದು ನಮ್ಮ ಹತ್ತಿರ ನಿಂತ.

"ನಾಲ್ಕನೇದಾಂವ ಆಗಿ ನಾ ಕುಂಡ್ರಲೇನ್ರಿ? ಬ್ರಿಜ್ ಅಂತ ಒಂದ ಆಟ ಐತಿ. ಕಲಸ್ತೇನಿ."

"ಅದು ಸಾಹೇಬರ ಆಟ ಅಲ್ಲೇನ್ರಿ?" ಅಂದ ಮಾಸ್ತರ.

"ಎಲಿ ಅವ ಐವತ್ತೆರಡ. ಸಾಹೇಬರಿಗೇನ ಬ್ಯಾರೆ ಮುದ್ರಿಸೂದಿಲ್ಲ."

ನಾನು ನೇರವಾಗಿ ಕೇಳಿದೆ. "ನಿಮಗ ಏನ ಬೇಕಾಗೇತಿ? ಗಂಡಸೂರು ಸುಮ್ಮನ ಏನೂ ಕಲಸೂದಿಲ್ಲ. ಈ ಜಾಗಾದ ಮ್ಯಾಲ ಕಣ್ಣಿದ್ರ ಈಗ ಹೇಳಿಬಿಡ್ರಿ."

"ಮೂರ ಕೈ ಬೇಕಾಗ್ಯಾವ ಅಕ್ಕಾ. ಎಂಟ ವರ್ಷ ಆತು, ಒಬ್ಬಾಂವನ ನಾಲ್ಕೂ ಕೈ ಹಂಚಿಕೊಂಡು ಆಡಾಕತ್ತೇನಿ."

ಒಬ್ಬನೇ ನಾಲ್ಕು ಕೈ ಆಡುವವನು ಹುಚ್ಚನಿರಬೇಕು, ಇಲ್ಲಾ ಕಳ್ಳನಿರಬೇಕು ಅಂದುಕೊಂಡೆ. ಕೂಡ್ರಿಸಿಕೊಂಡೆ. ಕಣ್ಣೆದುರಿಗೆ ಇದ್ದರೆ ಚಲೋ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಎದುರುಬದುರು ಕೂತವರು ಜೋಡಿ. ಬಣ್ಣ ನಾಲ್ಕು: ಇಸ್ಪೀಟ, ಬದಾಮ, ಚೌಕಟ್, ಕಿಲ್ವಾರ. ಎಲೆ ಆಡುವ ಮೊದಲು ಸುತ್ತಿನ ಮೇಲೆ ಒಬ್ಬೊಬ್ಬರು ಒಂದು ಅಂಕಿ, ಒಂದು ಬಣ್ಣ ಕೂಡಿಸಿ ಕೂಗುತ್ತಾರೆ, ಏರುತ್ತ ಹೋಗಬೇಕು, ಇಳಿಯುವ ಹಾಗಿಲ್ಲ. ಆ ಕೂಗಿನಿಂದಲೇ ನನ್ನ ಕೈಯಲ್ಲಿ ಇಂಥದ್ದಿದೆ ಎಂದು ಜೋಡಿಗೆ ತಿಳಿಸಬೇಕು. ಕಣ್ಣು ಹೊಡೆಯುವಂತಿಲ್ಲ, ಕೆಮ್ಮುವಂತಿಲ್ಲ. ಕೆಲವೊಮ್ಮೆ ಎದುರಾಳಿಯ ಕೈಯಲ್ಲಿ ರಾಜ ರಾಣಿ ಕಡಿಮೆ, ಒಂದೇ ಬಣ್ಣದ ಏಳು ಎಲೆ ಇರುತ್ತವೆ. ಅವನು ಮೊದಲಿಗೇ "ಮೂರು ಬದಾಮ" ಎಂದು ಎತ್ತರಕ್ಕೆ ಕೂಗಿಬಿಡುತ್ತಾನೆ. ಕೈ ಗಟ್ಟಿ ಇದೆಯೆಂದಲ್ಲ, ನಮಗೆ ಮಾತಾಡಲು ಜಾಗ ಇರಬಾರದೆಂದು. ಸಂತೆಯ ಓಣಿಗೆ ಅಡ್ಡಲಾಗಿ ಖಾಲಿ ಗಾಡಿ ನಿಲ್ಲಿಸಿದ ಹಾಗೆ. ನಾನು ಅದಕ್ಕೆ ಅಡ್ಡಗಾಡಿ ಎಂದು ಹೆಸರಿಟ್ಟೆ. ಆತನಿಗೆ ಆ ಹೆಸರು ಹಿಡಿಸಿತು.

ಆತನಿಗೆ ಬಹಳ ಪ್ರೀತಿಯ ಪಾಠವೆಂದರೆ ಅಡ್ಡಗಾಡಿ ನಿಂತಾಗ ನಮ್ಮ ಕೈಯಲ್ಲಿ ಎರಡು ಬಣ್ಣ ಗಟ್ಟಿಯಾಗಿದ್ದರೆ ಏನು ಮಾಡಬೇಕು ಎಂಬುದು.

"ಎರಡ ಬಣ್ಣ ಐದೈದು ಅದಾವ, ಎಕ್ಕಾ ರಾಜಾ ಎಲ್ಲಾ ಅದಾವ. ಒಂದೊಂದ ಹೇಳಕೋತ ಹೋಗಾಕ ಜಾಗಾ ಇಲ್ಲ. ಒಂದ ಮಾತಿನ್ಯಾಗ ಎರಡೂ ಹೇಳಬೇಕು. ಅವರು ಮೂರು ಬದಾಮ ಅಂದ್ರು, ನೀವು ನಾಲ್ಕು ಚೌಕಟ್ ಅನ್ರಿ. ಅಂದ್ರ ಚೌಕಟ್ ಐತಿ, ಕರೀ ಇಸ್ಪೀಟನೂ ಐತಿ, ಕೈ ಭಾಳ ಗಟ್ಟಿ. ನಾಲ್ಕು ಕಿಲ್ವಾರ ಅಂದ್ರ ಕಿಲ್ವಾರ ಮತ್ತ ಇಸ್ಪೀಟ."

"ಒಂದ ಹೇಳಿ ಎರಡ ತಿಳಸೂದು ಮೋಸ ಅಲ್ಲೇನು?"

"ಎದುರಾಳಿಗೆ ಗೊತ್ತಿಲ್ಲದಾಂಗ ಮಾಡಿದ್ರ ಮೋಸ. ಅವರು ಕೇಳಿದ್ರ ಅರ್ಥಾ ಹೇಳಬೇಕು. ಕೂಗಿದಾಂವ ಹೇಳೂದಲ್ಲ, ಅವನ ಜೋಡಿ ಹೇಳಬೇಕು. ಮಾತು ಯಾರದೋ, ಅರ್ಥಾ ಇನ್ನೊಬ್ಬರದು."

"ಜೋಡಿ ತಪ್ಪು ಹೇಳಿದ್ರ?"

"ಆಗ ಬಾಯಿ ಬಿಗಿಹಿಡಿದ ಕುಂಡ್ರಬೇಕು. ಕೂಗು ಎಲ್ಲಾ ಮುಗದು ಆಟ ನಮ್ಮದಾದ ಮ್ಯಾಲ, ಮೊದಲನೇ ಎಲಿ ಬೀಳೂದಕ್ಕಿಂತ ಮುಂಚೆ, ನಮ್ಮವರು ಹೇಳಿದ್ದು ತಪ್ಪು, ಖರೇ ಹಿಂಗ ಐತಿ ಅಂತ ನಾವ ಹೇಳಬೇಕು."

"ಸೋಲೂದಾದ್ರೂ?"

"ಸೋಲೂದಾದ್ರೂ."

ಇಂಥ ಮಾತು ಆಡುವವರನ್ನು ನಾನು ಬಹಳ ಕಂಡಿದ್ದೆ. ಹಾಲಿಗೆ ನೀರು ಬೆರೆಸುವವನೇ ಹೆಚ್ಚು ಆಣೆ ಮಾಡುತ್ತಾನೆ.

ಆತ ನನ್ನ ಜೋಡಿಯಾದ. ಗೆಲ್ಲುತ್ತಲೂ ಇದ್ದೆವು. ಗೆದ್ದಾಗಲೆಲ್ಲ ನನ್ನ ಸಂಶಯ ಬೆಳೆಯಿತು. ಚೌಕಟ್ ಎಕ್ಕಾದ ಬೆನ್ನ ಮೇಲೆ ಒಂದು ಕಲೆ ಇತ್ತು. ಆತನೇ ಗುರುತು ಮಾಡಿದ್ದಾನೆಂದು ಒಂದು ದಿನ ಎಲೆ ಎತ್ತಿ ಎಲ್ಲರೆದುರು ಬೆಳಕಿಗೆ ಹಿಡಿದೆ.

"ಇದೇನ್ರಿ ಟ್ರೇಸರ್ ಸಾಹೇಬ್ರ? ನಕ್ಷಾ ಇಲ್ಲೂ ಎಳದೀರೇನು?"

ಆತ ಎಲೆ ತೆಗೆದುಕೊಂಡು ಮೂಸಿದ. "ಕುಸುಬಿ ಎಣ್ಣಿ" ಅಂದ. ಆಮೇಲೆ ನನ್ನ ಹೆಬ್ಬೆರಳು ನೋಡಿದ. ಸಾಬ ನಕ್ಕು ನಕ್ಕು ತೊಡೆ ಬಡಿದುಕೊಂಡ. ಬದನೆಕಾಯಿ ಪಲ್ಯ ಮಾಡಿ ಹಾಗೇ ಎಲೆ ಹಿಡಿದವಳು ನಾನೇ. ಆತ ಆ ಕಲೆಯನ್ನು ಹದಿನೈದು ದಿನ ಮೊದಲೇ ಕಂಡಿದ್ದನಂತೆ. ಎಲೆ ಹಂಚುವಾಗ ಆತ ಗೋಡೆ ನೋಡುತ್ತಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು, ಅದು ಅದಕ್ಕಂತೆ. "ಹೇಳಿದ್ರ ನಿಮಗ ಸಿಟ್ಟ ಬರತಿತ್ತು" ಅಂದ. ಮರುದಿನ ಹೊಸ ಕಟ್ಟು ತಂದ. ನಾನು ಆ ಹೊಸ ಕಟ್ಟನ್ನೂ ಒಂದೊಂದೇ ಎಲೆ ತಿರುವಿ ನೋಡಿದೆ.

ಒಂದು ಚಳಿಗಾಲ ನರಗುಂದದಿಂದ ಆತನಿಗೆ ಕರೆ ಬಂತು. ಅಲ್ಲಿ ಒಂದಿಷ್ಟು ನಿವೃತ್ತ ಸಾಹೇಬರು ಕೂಡಿ ವರ್ಷಕ್ಕೊಮ್ಮೆ ಜೋಡಿ ಜೋಡಿಯಾಗಿ ಆಡುತ್ತಿದ್ದರು. ಆತ ನನ್ನನ್ನು ಕರೆದ. ಮಾಸ್ತರ ಇಂಗ್ಲಿಷ್ ಬಲ್ಲವನು, ಅವನನ್ನು ಬಿಟ್ಟು ನನ್ನನ್ನು. ಸಾಬ ಅಂದು ಅಂಗಡಿಗೆ ಹೋಗುವ ಮೊದಲು ನನ್ನನ್ನು ಒಲೆಯ ಹತ್ತಿರ ಕರೆದು ಹೇಳಿದ.

"ಅಕ್ಕಾ, ನರಗುಂದಕ್ಕ ಹೊಂಟೀರಿ, ಒಂದ ಮಾತು ತಿಳಕೊಂಡ ಹೋಗ್ರಿ. ಮೂವತ್ತು ವರ್ಷದ ಹಿಂದ ಅವನ್ನ ಅಲ್ಲಿಂದ ಎಬ್ಬಿಸಿ ಕಳಿಸ್ಯಾರ. ಕೆಮ್ಮಿ ಜೋಡಿಗೆ ಸುಳುವು ಕೊಡತಿದ್ದ ಅಂತ ಒಬ್ಬ ವಕೀಲ ಬೆರಳ ಮಾಡಿದ್ದ."

"ಖರೇ ಏನು?"

"ಅಲ್ಲಾನ ಬಲ್ಲ. ಅಂವ ಆಗ ಏನೂ ಮಾತಾಡಲಿಲ್ಲಂತ. ಎದ್ದ ಬಂದನಂತ."

ನನ್ನ ಗಂಡನೂ ಸಿಕ್ಕಿಬಿದ್ದಾಗ ಮಾತಾಡುತ್ತಿರಲಿಲ್ಲ. ಆ ವಾರವೆಲ್ಲ ಆತನ ಕೆಮ್ಮು ಲೆಕ್ಕ ಹಾಕಿದೆ. ಬಾಗಿಲ ಹಿಂದೆ ಇದ್ದಿಲಿನಿಂದ ಗೆರೆ: ಕೆಮ್ಮಿದಾಗ ಕೈಯಲ್ಲಿ ಏನಿತ್ತು, ಕೆಮ್ಮದಿದ್ದಾಗ ಏನಿತ್ತು. ಏನೂ ತಾಳೆಯಾಗಲಿಲ್ಲ. ಕೊನೆಗೆ ತಿಳಿಯಿತು, ನಾನು ಒಳಗೆ ಕೆಂಪು ಮೆಣಸಿನಕಾಯಿ ಹುರಿದಾಗ ಆತ ಕೆಮ್ಮುತ್ತಿದ್ದ. ಆದರೆ ಮೂವತ್ತು ವರ್ಷದ ಹಿಂದೆ ಆ ಸಾಹೇಬರ ಆಟದ ಮನೆಯಲ್ಲಿ ಯಾರು ಮೆಣಸಿನಕಾಯಿ ಹುರಿದಿದ್ದರು?

ಬಸ್ಸಿನಲ್ಲಿ ಕೇಳಿಯೇಬಿಟ್ಟೆ. ಎರಡೂ ಕಡೆ ಕರಿ ಹೊಲ, ಕಡಲೆ ಹೂ ಬಿಟ್ಟಿತ್ತು. ಆತ ಕಿಟಕಿಯ ಹೊರಗೆ ನೋಡುತ್ತಿದ್ದ.

"ಕೆಮ್ಮಿನ ಮಾತು ನಂಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬತಿದ್ರೇನು?"

"ಇಲ್ಲ."

"ಮತ್ತ?"

ಕಿಟಕಿಯಿಂದ ನನ್ನ ಕಡೆ ತಿರುಗಿ ತಾನೇ ಹೇಳಿದ. "ಕೆಮ್ಮಿದ್ದು ಖರೇ. ಆಗ ಬೀಡಿ ಸೇದತಿದ್ದೆ. ಸುಳುವು ಕೊಟ್ಟಿದ್ದು ಸುಳ್ಳು. ಆದ್ರ ಬೀಡಿ ಸೇದಾಂವ ಹ್ಯಾಂಗ ತೋರಸ್ಬೇಕ್ರಿ? ಅವತ್ತಿನಿಂದ ಬೀಡಿ ಬಿಟ್ಟೆ. ಇವತ್ತ ಗೆಲ್ಲಬೇಕಂತಿಲ್ಲ ಅಕ್ಕಾ. ಆ ಮೇಜಿನ ಮುಂದ ಕುಂತು ಆಡಿ, ಯಾರೂ ಬೆರಳ ಮಾಡದಾಂಗ ಎದ್ದ ಬರಬೇಕು. ಅಷ್ಟ."

"ಅದಕ್ಕ ನಾ ಯಾಕ? ಮಾಸ್ತರ ಇದ್ನಲ್ಲ."

"ಮಾಸ್ತರ ನನ್ನ ನಂಬತಾನ. ನಂಬದವರು ಜೋಡಿ ಇದ್ರ ಆ ಸಾಹೇಬರಿಗೆ ಮಾತಾಡಾಕ ಜಾಗಾ ಇರೂದಿಲ್ಲ."

ಮಾತು ಚೆನ್ನಾಗಿತ್ತು. ಚೆನ್ನಾಗಿದ್ದುದಕ್ಕೇ ನನಗೆ ಇನ್ನಷ್ಟು ಸಂಶಯ ಬಂತು. ಇದೇ ಮಾತನ್ನು ಕಳ್ಳನೂ ಹೀಗೇ ಹೇಳುತ್ತಾನೆ.

ನರಗುಂದದಲ್ಲಿ ಎಲ್ಲರೂ ನನ್ನ ಸೀರೆ, ನನ್ನ ಕೈ ನೋಡಿದರು. "ಇವರು ಯಾರು?" ಎಂದು ಒಬ್ಬ ಕೇಳಿದ. "ನನ್ನ ಜೋಡಿ" ಎಂದ ಆತ, ಅಷ್ಟೇ. ಸಂಜೆಯ ಹೊತ್ತಿಗೆ ಉಳಿದದ್ದು ನಾವು ಮತ್ತು ಇನ್ನೊಂದು ಜೋಡಿ: ನನ್ನ ಎಡಕ್ಕೆ ಒಬ್ಬ ಮುದುಕ ಇಂಜಿನಿಯರ, ಬಲಕ್ಕೆ ಆ ವಕೀಲ. ಅದೇ ವಕೀಲ. ಹಲ್ಲು ಕಟ್ಟಿಸಿಕೊಂಡಿದ್ದ, ಬೆರಳು ಹಳೆಯವೇ. ಇಂಜಿನಿಯರ ಆಗಲೂ ಆ ಮೇಜಿನಲ್ಲಿ ಇದ್ದವನೇ, ಆಗ ಸುಮ್ಮನಿದ್ದವನು. ಲೆಕ್ಕ ಸಮ ಸಮ ಇತ್ತು. ಕೊನೆಯ ಕೈ ಹಂಚಿದರು.

ಇಂಜಿನಿಯರ ಕೂಗಿದ: "ಮೂರು ಬದಾಮ."

ಅಡ್ಡಗಾಡಿ. ಆತ ತನ್ನ ಎಲೆಗಳನ್ನು ಒಮ್ಮೆ ಸರಿಮಾಡಿಕೊಂಡು ಹೇಳಿದ: "ನಾಲ್ಕು ಚೌಕಟ್."

ವಕೀಲ ನನ್ನ ಕಡೆ ತಿರುಗಿದ. ನಗು ಇತ್ತು ಮೋರೆಯ ಮೇಲೆ. "ಬಾಯಾರ, ನಿಮ್ಮ ಜೋಡಿಯವರ ಮಾತಿನ ಅರ್ಥಾ ಏನ್ರಿ? ಹೇಳಾಕ ಬರತೈತೇನು?"

ಬರುತ್ತಿತ್ತು. ನಿದ್ದೆಗಣ್ಣಲ್ಲೂ ಬರುತ್ತಿತ್ತು. ಚೌಕಟ್ ಮತ್ತು ಇಸ್ಪೀಟ, ಐದೈದು, ಗಟ್ಟಿ ಕೈ. ಬಾಯಿ ತೆರೆದೆ. ಆ ಗಳಿಗೆಯಲ್ಲಿ ನನಗೊಂದು ಹೊಳೆಯಿತು. ಇವನು ಕಳ್ಳ ಹೌದೋ ಅಲ್ಲವೋ ಎಂದು ತಿಳಿಯುವುದಕ್ಕೆ ಇಂಥ ಸಮಯ ಮತ್ತೆ ಬರುವುದಿಲ್ಲ.

"ಬರೇ ಚೌಕಟ್ ಐತ್ರಿ" ಅಂದೆ. "ಉದ್ದನ್ನ ಚೌಕಟ್. ಬ್ಯಾರೆ ಏನಿಲ್ಲ."

ಆತನ ಮೋರೆ ನೋಡಿದೆ. ಒಂದು ಕೂದಲೂ ಅಲುಗಲಿಲ್ಲ. ವಕೀಲ ಏನೂ ಕೂಗದೆ ತನ್ನ ಸರದಿ ಬಿಟ್ಟ. ನನ್ನ ಕೈಯಲ್ಲಿ ಇಸ್ಪೀಟ ಮೂರು ಇದ್ದವು, ಗುಲಾಮ ಸಹಿತ. ಆತನ ಹತ್ತಿರ ಐದು ಇಸ್ಪೀಟ ಇದ್ದದ್ದು ನನಗೆ ಗೊತ್ತಿತ್ತಲ್ಲ, "ನಾಲ್ಕು ಇಸ್ಪೀಟ" ಅಂದೆ. ಸುತ್ತ ಎಲ್ಲರೂ ಬಿಟ್ಟರು. ಆಟ ನನ್ನದಾಯಿತು. ಮೊದಲ ಎಲೆ ಇಂಜಿನಿಯರನದು. ಅವನ ಬೆರಳು ಬದಾಮ ರಾಜನ ಮೇಲಿತ್ತು, ನನಗೆ ಕಾಣುತ್ತಿತ್ತು. ಬದಾಮ ಎಕ್ಕಾ ನನ್ನ ಹತ್ತಿರ. ಆ ರಾಜ ಬಿದ್ದರೆ ನಾವು ಗೆದ್ದೆವು. ಆತ ಸುಮ್ಮನಿದ್ದರೆ ಸಾಕು.

"ತಡೀರಿ" ಅಂದ ಆತ. "ನಮ್ಮವರು ಹೇಳಿದ್ದು ತಪ್ಪೈತಿ. ನಾಲ್ಕು ಚೌಕಟ್ ಅಂದ್ರ ನಮ್ಮ ಕರಾರಿನ್ಯಾಗ ಚೌಕಟ್ ಮತ್ತ ಇಸ್ಪೀಟ, ಎರಡೂ ಐದೈದು, ಗಟ್ಟಿ ಕೈ. ತಿಳಕೊಂಡು ಎಲಿ ಹಾಕ್ರಿ."

ಇಂಜಿನಿಯರ ಎಲೆಯಿಂದ ಬೆರಳು ತೆಗೆದ. ಎರಡು ಬಣ್ಣ ಉದ್ದ ಇದ್ದರೆ ಉಳಿದೆರಡು ಗಿಡ್ಡ. ಚೌಕಟ್ ಹರಿಯತೊಡಗುವ ಮೊದಲು ಕಿಲ್ವಾರ ಕಿತ್ತುಕೊಳ್ಳಬೇಕು ಎಂಬುದು ಅವನಿಗೆ ಹೊಳೆಯಿತು. ಕಿಲ್ವಾರ ಹಾಕಿದ. ಮೊದಲ ಎಲೆ ಬಿದ್ದ ಮೇಲೆ ಕೂಗಿ ಗೆದ್ದವರ ಜೋಡಿ ತನ್ನ ಕೈಯನ್ನು ಎಲ್ಲರಿಗೂ ಕಾಣುವಂತೆ ಬಿಚ್ಚಿಡಬೇಕು. ಆತನ ಕಿಲ್ವಾರ ರಾಜ ಒಂದು ಗಿಡ್ಡೆಲೆಯೊಂದಿಗೆ ಮೇಜಿನ ಮೇಲೆ ಬಿದ್ದಿದ್ದ, ಎಕ್ಕಾ ರಾಣಿ ಎರಡೂ ವಕೀಲನ ಕೈಯಲ್ಲಿ. ಎರಡು ಸುತ್ತು ಅಲ್ಲೇ ಹೋದವು. ಮುಂದೆ ಇಸ್ಪೀಟ ರಾಣಿಗೆ ಒಂದು, ಚೌಕಟ್ ರಾಣಿಗೆ ಒಂದು. ನಾಲ್ಕು ಎಂದು ಕೂಗಿದವರು ಹದಿಮೂರು ಸುತ್ತಿನಲ್ಲಿ ಹತ್ತು ಗೆಲ್ಲಬೇಕು. ಮೂರು ಕೊಟ್ಟಿದ್ದರೆ ನಡೆಯುತ್ತಿತ್ತು, ನಾಲ್ಕು ಹೋದವು. ಸೋತೆವು.

ಸೋತದ್ದು ಹೋಗಲಿ. ವಕೀಲ ಕುರ್ಚಿ ಹಿಂದಕ್ಕೆ ತಳ್ಳಿ ಬೆರಳು ಎತ್ತಿದ.

"ಆಗ ಕೆಮ್ಮು, ಈಗ ತಪ್ಪು ಅರ್ಥಾ. ಆ ಹೆಣ್ಣಮಗಳಿಗೆ ಬರೇ ಚೌಕಟ್ ಅನ್ನೂದು ಗೊತ್ತಿದ್ರ ಮೂರ ಇಸ್ಪೀಟ ಇಟಗೊಂಡು ನಾಲ್ಕು ಇಸ್ಪೀಟ ಯಾಕ ಕೂಗ್ತಾಳ್ರಿ? ಸುಳುವು ಸಿಕ್ಕೈತಿ. ಈ ಮನುಷ್ಯಾ ಸುಧಾರಿಸಾಂವಲ್ಲ."

ಮೇಜಿನ ಸುತ್ತ ಜನ ಕೂಡಿತು. ಆತ ಎದ್ದು ನಿಂತ. ಮೂವತ್ತು ವರ್ಷದ ಹಿಂದೆಯೂ ಹೀಗೇ ಎದ್ದಿರಬೇಕು. ಆದರೆ ಈ ಸಲ ಮಾತಾಡಿದ. "ತಪ್ಪು ನಂದ್ರಿ. ಕಲಿಸಿದಾಂವ ನಾನು. ಆಕಿನ್ನ ಏನೂ ಅನಬ್ಯಾಡ್ರಿ."

ಯಾರ ಋಣವನ್ನೂ ಹೊತ್ತು ನನಗೆ ರೂಢಿಯಿಲ್ಲ. ನಾನೂ ಎದ್ದೆ.

"ತಪ್ಪೂ ಅಲ್ಲ, ಗಿಪ್ಪೂ ಅಲ್ಲ. ನಂಗ ಅರ್ಥಾ ಪಕ್ಕಾ ಗೊತ್ತಿತ್ತು. ಅದಕ್ಕ ನಾಲ್ಕು ಇಸ್ಪೀಟ ಅಂದೆ. ನಿಮಗ ಮಾತ್ರ ಬೇಕಂತನ ಸುಳ್ಳು ಹೇಳಿದೆ. ಈತ ಕಳ್ಳ ಹೌದೋ ಅಲ್ಲೋ ನೋಡಬೇಕಾಗಿತ್ತು. ನೀವು ಮೂವತ್ತು ವರ್ಷ ಬಾಯಿಲೆ ಅಂದ್ರಿ, ಒಬ್ಬರೂ ನೋಡಲಿಲ್ಲ. ನಾ ನೋಡೇನಿ. ಸುಮ್ಮನ ಕುಂತಿದ್ರ ಗೆಲ್ಲತಿದ್ದ. ಕುಂಡ್ರಲಿಲ್ಲ."

"ಇಬ್ಬರೂ ಮೊದಲ ಮಾತಾಡಿಕೊಂಡು ಬಂದು ನಾಟಕಾ ಆಡಾಕತ್ತೀರಿ" ಅಂದ ವಕೀಲ.

ಆ ಸಂಶಯ ನನಗೂ ಹೊಳೆದಿರಲಿಲ್ಲ. ಮನಸ್ಸಿನಲ್ಲೇ ಮೆಚ್ಚಿದೆ.

ಆಗ ಇಂಜಿನಿಯರ ಬಾಯಿ ತೆರೆದ. ದಿನವಿಡೀ ಕೂಗು ಬಿಟ್ಟರೆ ಬೇರೆ ಮಾತಾಡದವನು. "ವಕೀಲರ, ಬೆರಳ ಇಳಸ್ರಿ. ನಾ ಅವರ ಜಾಗಾದಾಗ ಇದ್ರ ಸುಮ್ಮನ ಕುಂಡ್ರತಿದ್ದೆ. ನೀವೂ ಕುಂಡ್ರತಿದ್ರಿ." ಆಮೇಲೆ ಆತನ ಕಡೆ ತಿರುಗಿದ. "ಆವತ್ತ ನಾ ಮಾತಾಡಬೇಕಾಗಿತ್ತು. ಆಡಲಿಲ್ಲ." ನಿಯಮದ ಪ್ರಕಾರ ಬೇಕೆಂದೇ ಸುಳ್ಳು ಹೇಳಿದ ಜೋಡಿಯನ್ನು ಪಟ್ಟಿಯಿಂದಲೇ ತೆಗೆಯಬೇಕು ಎಂದೂ ಹೇಳಿದ. ತೆಗೆದರು. ಆದರೆ ಹೊರಬರುವಾಗ ಇಂಜಿನಿಯರ ಬಾಗಿಲ ತನಕ ಬಂದು ಆತನ ಕೈ ಹಿಡಿದುಕೊಂಡ.

ತಿರುಗಿ ಬರುವ ಬಸ್ಸಿನಲ್ಲಿ ಆತ ಇಬ್ಬರ ಟಿಕೀಟು ತೆಗೆಸಿ ಕಿಟಕಿಗೆ ಒರಗಿ ಕೂತ. ನಾನೇ ಕೆಣಕಿದೆ.

"ನಿಮ್ಮ ಹೆಸರ ತೊಳದ ಕೊಟ್ಟೇನಿ. ಒಂದ ಮಾತಾದ್ರೂ ಆಡಬಾರದೇನು?"

"ತೊಳದ್ರಿ ಖರೇ" ಅಂದ. "ಆದ್ರ ನಾ ಸುಮ್ಮನಿದ್ದಿದ್ರ?"

"ಆಗ ಅದನ್ನೂ ಎದ್ದ ನಿಂತು ಹೇಳತಿದ್ದೆ."

"ಗೊತ್ತೈತಿ" ಅಂದ. ಆಮೇಲೆ ರೋಣ ಬರುವ ತನಕ ಕಿಟಕಿ ನೋಡಿದ.

ಮರುದಿನ ಊಟ ಮುಗಿಸಿ, ಕೈ ತೊಳೆದು ಬಂದು, ನನ್ನ ಎದುರಿನ ಮಣೆಯನ್ನು ಮಾಸ್ತರನಿಗೆ ಬಿಟ್ಟು ಆತ ನನ್ನ ಬಲಕ್ಕೆ ಸಾಬನ ಜೋಡಿಯಾಗಿ ಕೂತ. ಸಾಬ ಬಾಯಿ ಬಿಡುವಷ್ಟರಲ್ಲಿ ನಾನೇ ಎಲೆ ಹಂಚಿದೆ. ಯಾಕೆಂದು ಕೇಳಲಿಲ್ಲ. ನನ್ನಂಥವಳ ಎದುರು ನಾನೂ ಕೂಡ್ರುತ್ತಿರಲಿಲ್ಲ. ಮತ್ತೆ ನಾಲ್ಕು ವರ್ಷ ಹಾಗೇ ಆಡಿದೆವು. ಊಟಕ್ಕೆ ತಪ್ಪಿಸಲಿಲ್ಲ, ಆಟಕ್ಕೆ ತಪ್ಪಿಸಲಿಲ್ಲ, ಸಿಟ್ಟಿನ ಒಂದು ಮಾತು ಆಡಲಿಲ್ಲ. ಬಲಕ್ಕೇ ಕೂತ.

ಈಗಲೂ ಒಂದು ವಿಷಯ ನನ್ನನ್ನು ಕೊರೆಯುತ್ತದೆ. ಅಷ್ಟು ದಿನ ತಪ್ಪದ ನನ್ನ ಬಾಯಿ ಅಂದು ತಪ್ಪಿತು. ಮೋರೆ ನೋಡಿ ಎಲೆ ಹೇಳುವಷ್ಟು ಆಡಿದವನಿಗೆ ಇದು ಪರೀಕ್ಷೆ ಎಂದು ಗೊತ್ತಾಗಿರಲಿಲ್ಲವೇ? ಗೊತ್ತಾಗಿಯೇ ಖರೆ ಹೇಳಿದ್ದರೆ ನಾನು ಕಂಡದ್ದೇನು? ಸಾಬನಿಗೆ ಹೇಳಿದರೆ, "ಅಕ್ಕಾ, ನಿಮಗ ದೇವರು ಬಂದ್ರೂ ಆಧಾರ ಕಾರ್ಡ ಕೇಳ್ತೀರಿ" ಅನ್ನುತ್ತಾನೆ.

ಆತ ದವಾಖಾನೆಗೆ ಸೇರುವ ಹಿಂದಿನ ವಾರ. ಸಾಬ ಮೂರು ಬದಾಮ ಎಂದು ಅಡ್ಡಗಾಡಿ ನಿಲ್ಲಿಸಿದ. ಮಾಸ್ತರ, ಪುಣ್ಯಾತ್ಮ, ನಾಲ್ಕು ಚೌಕಟ್ ಅಂದ. ಕೂಗುವ ಸರದಿ ಆತನದು. ಕಲಿಸಿದವನು ಆತನೇ, ಅರ್ಥ ಕೇಳುವ ಅವಶ್ಯಕತೆ ಇರಲಿಲ್ಲ. ಆದರೂ ನನ್ನ ಕಡೆ ತಿರುಗಿದ.

"ಅಕ್ಕಾ, ಮಾಸ್ತರ ಮಾತಿನ ಅರ್ಥಾ ಏನ್ರಿ?"

"ಚೌಕಟ್, ಇಸ್ಪೀಟ. ಎರಡೂ ಐದೈದು. ಗಟ್ಟಿ ಕೈ."

ಆತ ನನ್ನ ಮೋರೆಯನ್ನು ನೋಡಿದ. ಎಲೆ ನೋಡುವುದಕ್ಕಿಂತ ಹೆಚ್ಚು ಹೊತ್ತು ನೋಡಿದ.

"ಖರೇ ಏನು?"

"ಖರೇ."

ಅಷ್ಟು ವರ್ಷದಲ್ಲಿ ಆತ ಯಾರನ್ನೂ ಎರಡನೇ ಸಲ ಕೇಳಿದ್ದನ್ನು ನಾನು ಕಂಡಿರಲಿಲ್ಲ.